ಆಪತ್ತಿಗೆ ಮುನ್ನ

ಪೂಜ್ಯ ಮಹಾಸ್ವಾಮಿಗಳವರ ಅಪ್ಪಣೆಯಂತೆ ಶರಣಬಂಧುಗಳಲ್ಲಿ ಎರಡು ಮಾತುಗಳನ್ನು ಅರಿಕೆಮಾಡುತ್ತೇನೆ.

1999ನೆಯ ಅಕ್ಟೋಬರ್ 29ರಂದು ಒಡಿಶಾ ತೀರವನ್ನು ಹೊಕ್ಕ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನರು ಅಸುನೀಗಿದರು. ಮುನ್ಸೂಚನೆಯೇನೋ ಬಂದಿದ್ದಿತು, ಓಡಿ ಸೇರಲು ಗಟ್ಟಿಯಾದ ಕಟ್ಟಡಗಳೇ ಸಾಲದಾದುವು. ಅನಂತರ ತೀರದುದ್ದಕ್ಕೂ ಕಂಬಗಳ ಮೇಲೆ ಎತ್ತರವಾಗಿ ಆಶ್ರಯಗೃಹಗಳು ಎದ್ದುವು. 2013ನೆಯ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಬಿರುಗಾಳಿಯು ಗೋಪಾಲಪುರದ ಬಳಿ ಅಪ್ಪಳಿಸುವ ಮುನ್ನವೇ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಿದ್ದರಿಂದ ಮೃತರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ದನಕರುಗಳನ್ನು ಬಿಟ್ಟು ಬರಲೊಲ್ಲದ ರೈತನನ್ನು ಒಡಂಬಡಿಸುವುದು ಎಷ್ಟು ಪ್ರಯಾಸವೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

2009ನೆಯ ಅಕ್ಟೋಬರಿನ ನೆರೆಯಲ್ಲಿ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಮಣ್ಣಿನ ಮನೆಗಳು ಕುಸಿದುವು. ಆದಕಾರಣ ದಾಸೋಹಭವನವನ್ನು ಹೊಸದಾಗಿ ಕಟ್ಟಿಸುವಾಗ ಅದರ ನೆಲಗಟ್ಟನ್ನು ನೆರೆಯ ಮಟ್ಟಕ್ಕಿಂತ ಮೇಲಿರಿಸಿ, ಮಳೆಗಾಲಕ್ಕೆಂದು ಒಂದು ಕೋಣೆಯಷ್ಟು ದವಸವನ್ನು ಮೀಸಲಿಡಬೇಕೆಂದು ಸನ್ನಿಧಿಯಲ್ಲಿ ಬಿನ್ನವಿಸುತ್ತೇನೆ.