ಶರತ್ಕಾಲದ ಮಿತವ್ಯಯ
(ಸಕಲೇಶಪುರ ಮತ್ತು ಆಲೂರು ಸೀಮೆಯ ಹಿಡುವಳಿದಾರರಿಗಾಗಿ ಮಾಡಿದ ಉಪನ್ಯಾಸ)



ಉತ್ತರೆ ಮಳೆ ಮುಗಿದು ಹಸ್ತ ಮಳೆ ಹಿಡಿಯುವ ಕಾಲವಿದು. ಮೂರು ತಿಂಗಳು ಎಡೆಬಿಡದೆ ಸುರಿದ ಮುಂಗಾರು ಹಿಂದೆಗೆದು ಬೆಟ್ಟಗಳ ಮೇಲೆ ಬಿಸಿಲು ಕಾಣಿಸಿಕೊಳ್ಳುತ್ತಿದೆ. ಗದ್ದೆಯಲ್ಲಿ ಭತ್ತವು ಹೊಡೆಯಾಗುತ್ತಿದೆ. ತೋಟದಲ್ಲಿ ಕಾಫಿಯ ಕಾಯಿ ಬಲಿಯುತ್ತಿದೆ. ಮೆಣಸಿನ ಬಳ್ಳಿಯಲ್ಲಿ ಕಾಳು ಕಟ್ಟಿದೆ. ಎತ್ತ ನೋಡಿದರೂ ಸಮೃದ್ಧಿಯೇ ಕಾಣುವ ಈ ಸಮಯದಲ್ಲಿ ಮಿತವ್ಯಯದ ಮಾತನ್ನೆತ್ತುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ತಾವು ಸ್ವಲ್ಪ ಯೋಚಿಸಿ ನೋಡಬೇಕು. ವರ್ಷದಲ್ಲಿ ಕಣ್ಣು ತುಂಬಿ ಪೆಟ್ಟಿಗೆ ಬರಿದಾಗಿರುವ ಕಾಲವೆಂದರೆ ಇದೊಂದೇ. ಈ ಕಾಲದಲ್ಲಿ ಮಾಡಿದ ಸಾಲವೇ ಅನೇಕ ಸಂಸಾರಗಳಲ್ಲಿ ವರ್ಷಾವಧಿ ಉಳಿದು, ಮುಂದಿನ ಫಸಲನ್ನೂ ನುಂಗುವುದು.

ಹಸ್ತ ಮಳೆಯಿಂದ ಸುಗ್ಗಿಯವರೆಗೆ

ಕಳೆದ ಫಸಲಿನ ಹಣವು ಮಳೆಗಾಲದ ಆಳಿನ ಕೂಲಿಗೂ, ಕಳೆ ತೆಗೆಸುವುದಕ್ಕೂ, ನಾಟಿಗೂ, ಮಕ್ಕಳ ವಿದ್ಯಾಭ್ಯಾಸಕ್ಕೂ ಖರ್ಚಾಗಿ ಹೋಗಿರುವುದು. ಹೊಸ ಹಣವು ಬರುವುದಕ್ಕೆ ಇನ್ನೂ ಕಾಲವಿದೆ. ಅರಾಬಿಕಾ ಹಣ್ಣು ನವೆಂಬರಿನಿಂದ ಕೈಗೆ ಬರುವುದು. ರೋಬಸ್ಟಾ ಹಣ್ಣು ಡಿಸೆಂಬರಿನ ಮೇಲೆ. ಅದನ್ನು ಕುಯ್ದು, ಕಣದಲ್ಲಿ ಒಣಗಿಸಿ, ಮಾರಿ ಹಣವನ್ನೆಣಿಸುವ ವೇಳೆಗೆ ಸಂಕ್ರಾಂತಿಯೂ ಕಳೆಯುವುದುಂಟು. ಈ ನಡುವಣ ಮೂರು ನಾಲ್ಕು ತಿಂಗಳುಗಳಲ್ಲಿಯೇ ಮಹಾಲಯ, ನವರಾತ್ರಿ, ಭೂಮಿ ಹುಣ್ಣಿಮೆ, ದೀಪಾವಳಿಗಳು ಬರುವುವು. ಮಳೆಗೆ ಕೆಟ್ಟ ಮನೆಯ ದುರಸ್ತಿಯೂ, ಕುಯ್ಲಿನ ಆಳುಗಳಿಗೆ ಕೊಡತಕ್ಕ ಮುಂಗಡವೂ ಇದೇ ಸಮಯದಲ್ಲಿ ಒದಗುವುವು. ಹಣವಿಲ್ಲದ ಕಾಲಕ್ಕೆ ವೆಚ್ಚಗಳೆಲ್ಲವೂ ಕೂಡಿಬಂದರೆ ಮನುಷ್ಯನು ಗಿಡದ ಮೇಲಿನ ಕಾಯಿಯನ್ನು ನೋಡಿ ಧೈರ್ಯ ತಂದುಕೊಳ್ಳುತ್ತಾನೆ. ಆ ಧೈರ್ಯದ ಮೇಲೆ ಸಾಲ ಮಾಡುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂಬ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು.

ಬೆಳೆಯು ಗಿಡದ ಮೇಲಿರುವಾಗ ನಮ್ಮದಲ್ಲ

ನಮ್ಮ ಸೀಮೆಯ ಚರಿತ್ರೆಯೇ ಈ ವಿಷಯದಲ್ಲಿ ಒಳ್ಳೆಯ ಉಪಾಧ್ಯಾಯ. ಸಕಲೇಶಪುರದ ಸುತ್ತಣ ಈ ಪ್ರಾಂತಕ್ಕೆ ಮಂಜರಾಬಾದೆಂದು ಹೆಸರಿದ್ದ ಕಾಲದಲ್ಲಿ, ೧೮೪೩ರಲ್ಲಿ, ಗ್ರೀನ್ ಎಂಬ ಆಂಗ್ಲ ತೋಟಗಾರರು ಇಲ್ಲಿ ಕಾಫಿಯ ತೋಟವನ್ನಾರಂಭಿಸಿದರು. ಇಪ್ಪತ್ತು ಮೂವತ್ತು ವರ್ಷಗಳೊಳಗಾಗಿ ಕಾಂಡಕೊರಕವೆಂಬ ಹುಳುವು ಮೈಸೂರು ಮತ್ತು ಕೊಡಗಿನ ತೋಟಗಳಿಗೆ ಹೊಕ್ಕು ಗಿಡಗಳನ್ನು ನಾಶಮಾಡಿತು. ೧೯೩೯ರಲ್ಲಿ ಎರಡನೆಯ ಮಹಾಯುದ್ಧವು ಪ್ರಾರಂಭವಾಗಲು ಯೂರೋಪಿನ ಪೇಟೆಗಳು ಮುಚ್ಚಿಹೋದುವು. ಗಿಡದಲ್ಲಿ ಹಣ್ಣಿದ್ದಿತು, ಕೊಳ್ಳುವವರಿರಲಿಲ್ಲ. ಬೆಳೆಗಾರರನ್ನುಳಿಸುವುದಕ್ಕಾಗಿ ೧೯೪೦ರಿಂದ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಮಾರುವ ಏರ್ಪಾಡನ್ನು ಮಾಡಬೇಕಾಯಿತು. ೧೯೪೨ರಲ್ಲಿ ಕಾಫಿ ಶಾಸನವು ಜಾರಿಗೆ ಬಂದಿತು. ಆ ಏರ್ಪಾಡು ೧೯೯೬ರಲ್ಲಿ ಪೂರ್ಣವಾಗಿ ನಿಂತು, ಬೆಳೆಗಾರನು ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯವನ್ನು ಪಡೆದನು. ಸ್ವಾತಂತ್ರ್ಯದೊಡನೆ ದರದ ಏರಿಳಿತವೂ ಅವನ ಹೆಗಲ ಮೇಲೆಯೇ ಬಿದ್ದಿತು.

೧೯೮೯ರ ಜುಲೈ ತಿಂಗಳಿನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಹಂಚಿಕೆಯ ಕಟ್ಟುಪಾಡು ಮುರಿದುಬಿದ್ದು ಲೋಕದಲ್ಲೆಲ್ಲ ದರವು ಕುಸಿಯಿತು. ೧೯೯೪ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿಯ ಗಿಡಗಳು ಸುಡಲಾಗಿ ಇಲ್ಲಿ ದರವೇರಿತು. ಅನಂತರ ವಿಯೆಟ್ನಾಂ ಮೊದಲಾದ ದೇಶಗಳ ಬೆಳೆ ಹೆಚ್ಚಿದ್ದರಿಂದ ೨೦೦೧-೦೨ರ ವೇಳೆಗೆ ದರವು ಅತಿ ಕೆಳಗಿಳಿಯಿತು. ಆ ಕಾಲದಲ್ಲಿ ಕಟ್ಟಲಾರದೆ ಉಳಿದ ಸಾಲಗಳಿಗಾಗಿ ಕೇಂದ್ರ ಸರ್ಕಾರವು ೨೦೧೦ರಲ್ಲಿ ಪರಿಹಾರದ ಯೋಜನೆಯನ್ನು ಪ್ರಕಟಿಸಬೇಕಾಯಿತು. ಎರಡು ಮೂರು ಕೆಟ್ಟ ವರ್ಷಗಳ ಸಾಲವು ಎಂಟು ಹತ್ತು ವರ್ಷಗಳವರೆಗೆ ಬೆನ್ನು ಬಿಡಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ದರದ ಮಾತು ಹೀಗಾದರೆ ಮಳೆಯ ಮಾತೂ ಹಾಗೆಯೇ. ೨೦೧೮ರ ಆಗಸ್ಟಿನ ಅತಿವೃಷ್ಟಿಯಲ್ಲಿ ಗುಡ್ಡಗಳು ಜರಿದು, ಶಿರಾಡಿ ಘಟ್ಟದ ರಸ್ತೆಯೂ ಸುಬ್ರಹ್ಮಣ್ಯದ ಕಡೆಯ ರೈಲುದಾರಿಯೂ ಮುಚ್ಚಿಹೋದುದು ತಮ್ಮೆಲ್ಲರಿಗೂ ಜ್ಞಾಪಕದಲ್ಲಿದೆ. ಚಿತ್ತೆ ಸ್ವಾತಿ ಮಳೆಗಳು ಹೆಚ್ಚಾದರೆ ಕಾಯಿ ಉದುರುವುದು. ಕುಯ್ಲಿನ ಕಾಲದಲ್ಲಿ ಅಕಾಲದ ಮಳೆ ಬಂದರೆ ಕಣದಲ್ಲಿರುವ ಕಾಫಿ ಕೆಡುವುದು. ಇನ್ನು ಭತ್ತವು ತೆನೆಗೂಡುವ ವೇಳೆಗೆ ಆನೆಗಳು ಗದ್ದೆಗಿಳಿಯುವುದನ್ನು ನಾನು ತಮಗೆ ವಿವರಿಸಬೇಕಾದುದಿಲ್ಲ. ೨೦೧೪ರಲ್ಲಿ ಆಲೂರು ಸಕಲೇಶಪುರದ ಸೀಮೆಯಿಂದ ೨೨ ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಆ ಕಾಟವು ತಪ್ಪಲಿಲ್ಲ.

ಇಷ್ಟನ್ನೂ ಹೇಳಿದ್ದು ತಮ್ಮನ್ನು ಹೆದರಿಸುವುದಕ್ಕಲ್ಲ. ಗಿಡದಿಂದ ಕಣಕ್ಕೂ ಕಣದಿಂದ ಪೇಟೆಗೂ ಇರುವ ದಾರಿಯಲ್ಲಿ ಹುಳು, ಮಳೆ, ಆನೆ, ದೂರದೇಶದ ಹಿಮ ಇವೆಲ್ಲವೂ ಪಾಲುಗಾರರಾಗಿ ನಿಂತಿವೆ. ಅವುಗಳ ಪಾಲು ಕಳೆದು ಉಳಿದದ್ದೇ ನಮ್ಮದು. ದರವು ಒಳ್ಳೆಯದಾಗಿರುವ ವರ್ಷದಲ್ಲಿ ಈ ಮಾತನ್ನು ಇನ್ನೂ ಹೆಚ್ಚಾಗಿ ನೆನೆಯತಕ್ಕದ್ದು. ೨೦೨೪ರ ಕೊನೆ ಮತ್ತು ೨೦೨೫ರ ಆದಿಯಲ್ಲಿ ಕಾಫಿಯ ದರವು ಹಿಂದೆಂದೂ ಕಾಣದಷ್ಟು ಮೇಲಕ್ಕೆ ಹೋಯಿತು. ೨೦೨೩ರಲ್ಲಿ ಶುಂಠಿಯ ದರವೂ ಹಾಗೆಯೇ ಏರಿ, ಅದನ್ನು ನಂಬಿ ಗುತ್ತಿಗೆಗೆ ಭೂಮಿ ಹಿಡಿದು ಹೆಚ್ಚು ಶುಂಠಿ ಹಾಕಿದವರು ಅನಂತರ ದರ ಬೀಳಲು ಕಷ್ಟಕ್ಕೊಳಗಾದರು. ಬಡತನದಲ್ಲಿ ಮನುಷ್ಯನು ತಾನಾಗಿಯೇ ಮಿತವ್ಯಯಿಯಾಗುವನು. ಒಳ್ಳೆಯ ದರದ ವರ್ಷದಲ್ಲಿ ಮಿತವಾಗಿರುವವನೇ ನಿಜವಾದ ಗೃಹಸ್ಥ.

ಮುಂಗಡದ ನಿಜವಾದ ಬಡ್ಡಿ

ಹಬ್ಬದ ಖರ್ಚಿಗೆಂದು ಫಸಲಿನ ಮೇಲೆ ಮುಂಗಡ ತರುವವರು ಅದನ್ನು ಸಾಲವೆಂದೇ ಎಣಿಸುವುದಿಲ್ಲ. ಬಡ್ಡಿಯಿಲ್ಲವೆಂದು ಸಂತೋಷಪಡುವವರೂ ಉಂಟು. ಲೆಕ್ಕವನ್ನು ನೋಡೋಣ. ಫೆಬ್ರವರಿಯಲ್ಲಿ ೧೦೦ ರೂಪಾಯಿ ಬಾಳುವ ಕಾಫಿಯನ್ನು ಅಕ್ಟೋಬರಿನಲ್ಲಿಯೇ ೮೫ ರೂಪಾಯಿಗೆ ಒಪ್ಪಿಕೊಟ್ಟರೆಂದು ಇಟ್ಟುಕೊಳ್ಳಿ. ೮೫ ರೂಪಾಯಿಗೆ ನಾಲ್ಕು ತಿಂಗಳಿಗೆ ೧೫ ರೂಪಾಯಿ ಬಿಟ್ಟಂತಾಯಿತು; ಅದೇ ಪ್ರಮಾಣದಲ್ಲಿ ವರ್ಷಕ್ಕೆ ೪೫ ರೂಪಾಯಿ. ಅಂದರೆ ನೂರಕ್ಕೆ ಐವತ್ತಕ್ಕೂ ಮೇಲ್ಪಟ್ಟ ಬಡ್ಡಿ. ಬಾಯಿಮಾತಿನಲ್ಲಿ ಈ ಬಡ್ಡಿಯನ್ನು ಯಾರಾದರೂ ಕೇಳಿದರೆ ತಾವು ಅವರನ್ನು ಅಂಗಳದಿಂದಲೇ ಕಳುಹಿಸಿಬಿಡುವಿರಿ. ಬೇಸಾಯದ ಕೆಲಸಕ್ಕೆ ಹಣವು ಬೇಕೇ ಬೇಕಾದರೆ ಸಹಕಾರ ಸಂಘದಲ್ಲಿಯೋ ಬ್ಯಾಂಕಿನಲ್ಲಿಯೋ ಬೆಳೆಸಾಲವನ್ನು ಪಡೆಯತಕ್ಕದ್ದು. ಬೆಳೆಸಾಲವನ್ನು ಬೆಳೆಗೇ ಹಾಕತಕ್ಕದ್ದು. ಅದರಿಂದ ಜವಳಿ, ಒಡವೆ, ಬಾಣ ಬಿರುಸುಗಳನ್ನು ಕೊಳ್ಳಲಾಗದು.

ಕಡಿಮೆಮಾಡತಕ್ಕ ವೆಚ್ಚಗಳು

ಮೊದಲನೆಯದಾಗಿ, ಮಹಾಲಯ ಅಮಾವಾಸ್ಯೆಗೆ ಮುಂಚೆ ಮನೆಯವರೆಲ್ಲರೂ ಕುಳಿತು ಒಂದು ಲೆಕ್ಕವನ್ನು ಬರೆಯಬೇಕು. ಮನೆಯ ಹೆಂಗಸರನ್ನು ಬಿಟ್ಟು ಬರೆದ ಲೆಕ್ಕವು ಅರ್ಧ ಲೆಕ್ಕವೇ ಸರಿ. ದಿನಸಿಯ ಡಬ್ಬಿಯೊಳಗೆ ಏನಿದೆಯೆಂಬುದು ಅವರಿಗೆ ಗೊತ್ತು, ಗಂಡಸರಿಗೆ ಗೊತ್ತಿಲ್ಲ. ಒಂದು ಕಡೆ ಸುಗ್ಗಿಯವರೆಗೆ ಆಗಲೇಬೇಕಾದ ಖರ್ಚುಗಳು, ಇನ್ನೊಂದು ಕಡೆ ಕೈಯಲ್ಲಿರುವ ಹಣ. ಬರಬಹುದಾದ ಫಸಲನ್ನು ಎಣಿಸುವಾಗ ಮೂರರಲ್ಲೊಂದು ಪಾಲನ್ನು ಬಿಟ್ಟು, ಕಳೆದ ಐದು ವರ್ಷಗಳ ಪೈಕಿ ಅತಿ ಕಡಿಮೆಯಾದ ದರವನ್ನು ಹಿಡಿಯತಕ್ಕದ್ದು.

ಎರಡನೆಯದಾಗಿ, ಅಂಗಡಿಯ ಕಡ. ಚೀಟಿಯ ಮೇಲೆ ತಂದ ಸಾಮಾನಿಗೆ ತೂಕವನ್ನೂ ಕೇಳುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ. ಕೈಯ ಹಣವನ್ನು ಕೊಟ್ಟು ತರುವುದೆಂದು ನಿಶ್ಚಯಿಸಿದರೆ ಬೇಡದ ಸಾಮಾನು ತಾನಾಗಿಯೇ ನಿಲ್ಲುವುದು.

ಮೂರನೆಯದಾಗಿ, ಹಬ್ಬ. ಆಯುಧಪೂಜೆಯನ್ನೂ ದೀಪಾವಳಿಯನ್ನೂ ಬಿಡಿರೆಂದು ಯಾರೂ ಹೇಳಲಾರರು. ದೀಪಕ್ಕೆ ಎಣ್ಣೆ ಬೇಕು, ದನಗಳಿಗೆ ಪೂಜೆಯಾಗಬೇಕು, ಮಕ್ಕಳಿಗೆ ಕಡುಬು ಬೇಕು. ಆದರೆ ಇವುಗಳಲ್ಲಿ ಬಹುಪಾಲು ಮನೆಯಲ್ಲಿಯೇ ದೊರೆಯತಕ್ಕವು. ಸಾಲವನ್ನು ತರಿಸುವುದು ಹಬ್ಬವಲ್ಲ. ನೆರೆಮನೆಗಿಂತ ಹೆಚ್ಚಾಗಿ ಕಾಣಿಸಿಕೊಳ್ಳಬೇಕೆಂಬ ಆಸೆ. ಹೊಸ ವಾಹನ, ಹೊಸ ಒಡವೆ, ಮನೆಯ ಮುಂಭಾಗದ ಶೃಂಗಾರ ಇವುಗಳ ಮಾತನ್ನು ಹಣವು ಕೈಗೆ ಬಂದ ಮೇಲೆಯೇ ಎತ್ತತಕ್ಕದ್ದು.

ಕಡಿಮೆಮಾಡಬಾರದ ವೆಚ್ಚಗಳು

ಮಿತವ್ಯಯವೆಂದರೆ ಜಿಪುಣತನವಲ್ಲ. ಕೆಲವರು ಹಬ್ಬದ ಜವಳಿಗೆ ಹಣ ಸಾಲದಾಗಿ ಗೊಬ್ಬರವನ್ನು ನಿಲ್ಲಿಸುತ್ತಾರೆ. ಇದು ಬೀಜದ ಭತ್ತವನ್ನು ಕುಟ್ಟಿ ಉಣ್ಣುವುದಕ್ಕೆ ಸಮಾನ. ಮಳೆ ಬಿಟ್ಟ ಮೇಲೆ ಕಾಫಿಗೆ ಹಾಕುವ ಗೊಬ್ಬರವು ಈ ವರ್ಷದ ಕಾಯಿಯನ್ನು ತುಂಬಿಸುವುದಲ್ಲದೆ ಮುಂದಿನ ವರ್ಷ ಹೂ ಬಿಡತಕ್ಕ ರೆಕ್ಕೆಗಳನ್ನೂ ಬಲಪಡಿಸುವುದು.

ಅರಾಬಿಕಾ ತೋಟವುಳ್ಳವರು ಈಗಲೇ ಸಾಲು ಸಾಲಾಗಿ ನಡೆದು ಕಾಂಡಕೊರಕ ಹಿಡಿದ ಗಿಡಗಳನ್ನು ಹುಡುಕಬೇಕು. ಎಲೆ ಹಳದಿಯಾಗಿ ಬಾಡಿ, ಕಾಂಡದ ಮೇಲೆ ಉಬ್ಬುಗೆರೆಗಳು ಕಾಣುವ ಗಿಡವನ್ನು ಬೇರುಸಹಿತ ಕಿತ್ತು ಸುಡತಕ್ಕದ್ದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ದುಂಬಿಗಳು ಹೊರಬಿದ್ದು ಹಾರಾಡಿ ಬೇರೆ ಗಿಡಗಳಲ್ಲಿ ಮೊಟ್ಟೆಯಿಡುವುದರಿಂದ ಅದಕ್ಕೆ ಮುಂಚೆ ಈ ಕೆಲಸವಾಗಬೇಕು. ಇದಕ್ಕೆ ತಗಲುವುದು ಕೆಲವು ಆಳಿನ ಕೂಲಿ. ಉಳಿಯುವುದು ಹತ್ತಾರು ವರ್ಷ ಫಲ ಕೊಡುವ ಗಿಡಗಳು. ಕಣವನ್ನು ಸರಿಮಾಡುವುದು, ಹಣ್ಣಾದುದನ್ನು ಮಾತ್ರ ಕುಯ್ಯಿಸುವುದು, ಉದುರಿದ ಹಣ್ಣನ್ನು ಆರಿಸುವುದು ಇವುಗಳಲ್ಲಿಯೂ ಕೈ ಹಿಡಿಯಬಾರದು. ಅವಸರದಿಂದ ಹಸಿರುಕಾಯಿಯನ್ನು ಸೇರಿಸಿ ತರಿದ ಕಾಫಿಗೆ ತೂಕವೂ ಕಡಿಮೆ, ದರವೂ ಕಡಿಮೆ.

ಆಳಿನ ಕೂಲಿಯನ್ನು ತಡೆದು ಮಾಡಿದ ಉಳಿತಾಯವು ಉಳಿತಾಯವಲ್ಲ. ಮಕ್ಕಳ ಹಾಲು, ಬಸುರಿ ಬಾಣಂತಿಯರ ಆಹಾರ, ರೋಗಕ್ಕೆ ಔಷಧ, ಶಾಲೆಯ ಖರ್ಚು ಇವುಗಳನ್ನು ಮೊಟಕುಮಾಡುವ ಮನೆಯು ಹಣವನ್ನುಳಿಸಿ ಮನುಷ್ಯರನ್ನು ಕಳೆದುಕೊಳ್ಳುವುದು.

ಕಣಜವೂ ಹಿತ್ತಲೂ

ಕಾಫಿಯ ದರ ಬಿದ್ದ ವರ್ಷಗಳಲ್ಲಿ ಕಣಜದಲ್ಲಿ ಭತ್ತವಿದ್ದ ಮನೆಯು ಅಷ್ಟಾಗಿ ಅಲುಗಾಡದು. ಆರು ಜನರಿರುವ ಮನೆಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ೪೦೦ ಗ್ರಾಂ ಅಕ್ಕಿಯಂತೆ ವರ್ಷಕ್ಕೆ ಸುಮಾರು ೯ ಕ್ವಿಂಟಾಲ್ ಅಕ್ಕಿ ಬೇಕು. ಮೂರು ಪಾಲು ಭತ್ತಕ್ಕೆ ಎರಡು ಪಾಲು ಅಕ್ಕಿಯೆಂದು ಹಿಡಿದರೆ ೧೩ರಿಂದ ೧೪ ಕ್ವಿಂಟಾಲ್ ಭತ್ತವಾಯಿತು. ಇದರ ಮೇಲೆ ಬೀಜಕ್ಕೂ ನೆಂಟರಿಷ್ಟರಿಗೂ ಸ್ವಲ್ಪ. ಇಷ್ಟನ್ನು ಚೆನ್ನಾಗಿ ಒಣಗಿಸಿ ಕಣಜಕ್ಕೆ ಹಾಕುವವರೆಗೆ ಒಂದು ಮೂಟೆಯನ್ನೂ ಮಾರಬಾರದು. ಸುಗ್ಗಿಯಲ್ಲಿ ಭತ್ತವನ್ನು ಮಾರಿ ಆಷಾಢದಲ್ಲಿ ಅಕ್ಕಿಯನ್ನು ಕೊಳ್ಳುವವನು ಎರಡು ಸಲ ನಷ್ಟಪಡುವನು. ಕಾಫಿಯ ದರವನ್ನು ನಂಬಿ ಗದ್ದೆಯನ್ನು ಪಾಳು ಬಿಟ್ಟಿರುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಹಿತ್ತಲಿನ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಜಾಣರು. ಮಳೆಗಾಲದ ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕುತ್ತಿದ್ದರು. ಕುಂಬಳವನ್ನು ಅಟ್ಟದ ಮೇಲೆ ಸಾಲಾಗಿಡುತ್ತಿದ್ದರು. ಮಾವಿನ ಮಿಡಿಯೂ ಹಲಸಿನ ಹಪ್ಪಳವೂ ಜಾಡಿ ಡಬ್ಬಿಗಳಲ್ಲಿರುತ್ತಿದ್ದುವು. ಈಗ ಹಸ್ತ ಚಿತ್ತೆಗಳ ಹದದಲ್ಲಿ ಬದನೆ, ಮೂಲಂಗಿ, ಹುರುಳಿಕಾಯಿ, ಕೊತ್ತಂಬರಿ, ಸೊಪ್ಪುಗಳನ್ನು ಹಾಕಿದರೆ ದೀಪಾವಳಿ ಕಳೆಯುವುದರೊಳಗಾಗಿ ಸೊಪ್ಪೂ ಮೂಲಂಗಿಯೂ ಅಡಿಗೆಮನೆಗೆ ಬರುವುವು. ಉಳಿದವು ಅವುಗಳ ಹಿಂದೆಯೇ ಬರುವುವು. ಸಂತೆಯಿಂದ ತರುವ ತರಕಾರಿಯ ಹಣವನ್ನು ಒಂದು ಕುಡಿಕೆಯಲ್ಲಿ ಬೇರೆ ಹಾಕುತ್ತ ಬಂದರೆ ಹನಿಗೂಡಿ ಹಳ್ಳವೆಂಬುದರ ಅರ್ಥವು ತಿಳಿಯುವುದು.

ಯಜಮಾನರ ಕರ್ತವ್ಯ

ಗ್ರಾಮದ ಮುಖಂಡರಲ್ಲಿ ನನ್ನದೊಂದು ಪ್ರತ್ಯೇಕ ವಿಜ್ಞಾಪನೆಯುಂಟು. ಊರಿನ ದೊಡ್ಡ ಮನೆಯಲ್ಲಿ ಮದುವೆಯು ಹೇಗೆ ನಡೆಯುವುದೋ ಚಿಕ್ಕ ಮನೆಯವರೂ ಹಾಗೆಯೇ ನಡೆಸಬೇಕೆಂದು ಹಂಬಲಿಸುವರು. ಹತ್ತು ಎಕರೆಯವರು ಲೀಲೆಯಿಂದ ಮಾಡಿದ ಖರ್ಚನ್ನು ಒಂದು ಎಕರೆಯವನು ಸಾಲದಿಂದ ಮಾಡುವನು. ಆದಕಾರಣ ಮಿತವ್ಯಯವು ದೊಡ್ಡ ಮನೆಯಿಂದಲೇ ಆರಂಭವಾಗತಕ್ಕದ್ದು. ಮಾಘ ಫಾಲ್ಗುಣಗಳ ಮದುವೆಗಳನ್ನು ಈಗಲೇ ನಿಶ್ಚಯಿಸುವವರು ಅವುಗಳ ವೆಚ್ಚದ ಮಿತಿಯನ್ನೂ ಈಗಲೇ ನಿಶ್ಚಯಿಸಲಿ. ಪಾತ್ರೆ, ಚಪ್ಪರದ ಸಾಮಾನುಗಳನ್ನು ಊರಿನವರೆಲ್ಲ ಸೇರಿ ಒಂದು ಸಲ ಕೊಂಡಿಟ್ಟರೆ ಬಾಡಿಗೆಯು ಉಳಿಯುವುದು. ಭತ್ತದ ಕುಯ್ಲಿಗೆ ಮುಯ್ಯಾಳಿನ ಪದ್ಧತಿಯನ್ನು ಮತ್ತೆ ಬಳಕೆಗೆ ತಂದರೆ ಕೂಲಿಯೂ ಉಳಿಯುವುದು, ನೆರೆಹೊರೆಯ ವಿಶ್ವಾಸವೂ ಬೆಳೆಯುವುದು.

ಕೊನೆಯದಾಗಿ, ಫಸಲಿನ ಹಣವು ಕೈಸೇರಿದ ದಿನದ ಮಾತು. ಮೊದಲು ಕೂಲಿ, ಅನಂತರ ಸಾಲ; ಅದಾದ ಮೇಲೆ ಮುಂದಿನ ಮಳೆಗಾಲದ ಖರ್ಚನ್ನು ಸಂಘದಲ್ಲಿಯೋ ಬ್ಯಾಂಕಿನಲ್ಲಿಯೋ ಠೇವಣಿಯಿಟ್ಟು, ಉಳಿದುದರಿಂದ ಮನೆಯ ಬಯಕೆಗಳನ್ನು ತೀರಿಸಿಕೊಳ್ಳತಕ್ಕದ್ದು. ಮೊದಲನೆಯ ವರ್ಷ ಮಳೆಗಾಲದ ಖರ್ಚಿನ ಕಾಲು ಭಾಗವನ್ನಾದರೂ ಹೀಗೆ ಇಡಿರಿ. ನಾಲ್ಕು ವರ್ಷಗಳಲ್ಲಿ ಒಂದು ಮಳೆಗಾಲವು ಪೂರ್ಣವಾಗಿ ತಮ್ಮ ಕೈಯಲ್ಲಿರುವುದು. ಆಮೇಲೆ ಹಸ್ತ ಮಳೆಯಲ್ಲಿ ಯಾರ ಬಾಗಿಲಿಗೂ ಹೋಗಬೇಕಾದುದಿಲ್ಲ.

ಜ್ಞಾಪಕದಲ್ಲಿಡತಕ್ಕ ವಿಷಯಗಳು

೧. ಮಹಾಲಯಕ್ಕೆ ಮುಂಚೆ ಮನೆಯವರೆಲ್ಲ ಕೂಡಿ ಲೆಕ್ಕ ಬರೆಯುವುದು.
೨. ಗಿಡದ ಮೇಲಿನ ಫಸಲನ್ನು ತೋರಿಸಿ ಹಬ್ಬಕ್ಕೆ ಮುಂಗಡ ತರದಿರುವುದು.
೩. ಗೊಬ್ಬರ, ಕಾಂಡಕೊರಕದ ಕೆಲಸ, ಕೂಲಿ, ಆಹಾರ, ವಿದ್ಯೆ ಇವುಗಳನ್ನು ಮೊಟಕುಮಾಡದಿರುವುದು.
೪. ವರ್ಷದ ಊಟದ ಭತ್ತವನ್ನು ಕಣಜಕ್ಕೆ ಹಾಕಿದ ಮೇಲೆಯೇ ಉಳಿದುದನ್ನು ಮಾರುವುದು.
೫. ಹಸ್ತ ಚಿತ್ತೆಗಳಲ್ಲಿ ಹಿತ್ತಲಿಗೆ ತರಕಾರಿ ಹಾಕುವುದು.
೬. ಹಣವು ಬಂದಾಗ ಮುಂದಿನ ಮಳೆಗಾಲದ ಪಾಲನ್ನು ಮೊದಲೇ ತೆಗೆದಿಡುವುದು.

ಈ ಸಾರಿಯ ಫಸಲು ತಮ್ಮ ಕಣಕ್ಕೂ ಕಣಜಕ್ಕೂ ಕ್ಷೇಮವಾಗಿ ಬಂದು ಸೇರಲಿ.