ಕಾಡು, ಕಡಲು, ಮುಳುಗಡೆ



ವೈದ್ಯವೃತ್ತಿಯವರಾದ ನಮ್ಮನ್ನು ಸಾಹಿತ್ಯದ ವೇದಿಕೆಗೆ ಬರಮಾಡಿಕೊಂಡಿರುವುದು ನಿಮ್ಮ ಔದಾರ್ಯ. ವಿಮರ್ಶಕರ ಪರಿಭಾಷೆ ನಮಗೆ ಬಾರದು. ಓದುಗರಾಗಿ ನಮ್ಮನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ಪ್ರಶ್ನೆಯನ್ನಷ್ಟೇ ಇಲ್ಲಿ ಮಂಡಿಸುತ್ತೇವೆ.

ಮಾನವ ಮತ್ತು ನಿಸರ್ಗದ ಸಂಘರ್ಷವೆಂದೊಡನೆ, ನಾವು ನೆಲೆಸಿರುವ ಈ ಅಮೆರಿಕದಲ್ಲಿ ಥಟ್ಟನೆ ನೆನಪಾಗುವುದು ಹೆಮಿಂಗ್ವೆ 1952ರಲ್ಲಿ ಪ್ರಕಟಿಸಿದ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ'. 84 ದಿನ ಒಂದು ಮೀನೂ ಸಿಗದ ಮುದುಕ ಸ್ಯಾಂಟಿಯಾಗೊ ಕೊನೆಗೊಂದು ಮಹಾಮತ್ಸ್ಯವನ್ನು ಹಿಡಿಯುತ್ತಾನೆ. ದಡ ಸೇರುವಷ್ಟರಲ್ಲಿ ಶಾರ್ಕುಗಳು ಅದನ್ನು ತಿಂದು ಎಲುಬುಗೂಡನ್ನಷ್ಟೇ ಉಳಿಸಿರುತ್ತವೆ. ಭವ್ಯವಾದ ಕಥೆ. ಆದರೆ ಅಲ್ಲಿ ಕಡಲಿನ ಎದುರಿಗೆ ಅವನೊಬ್ಬನೇ. ಸೋಲಾಗಲಿ ಗೆಲುವಾಗಲಿ, ಅದು ಅವನದೇ ಲೆಕ್ಕ.

ನಮ್ಮ ಕಾದಂಬರಿಗಳಲ್ಲಿ ಈ ಲೆಕ್ಕ ಇಷ್ಟು ಸರಳವಲ್ಲ. ಶಿವರಾಮ ಕಾರಂತರ 'ಬೆಟ್ಟದ ಜೀವ' (1943) ನೋಡಿ. ಸುಬ್ರಹ್ಮಣ್ಯದ ಆಸುಪಾಸಿನ ದಟ್ಟಡವಿಯಲ್ಲಿ ಗೋಪಾಲಯ್ಯನವರು ಕಾಡು ಸವರಿ ಅಡಿಕೆತೋಟ ಎಬ್ಬಿಸಿದ್ದಾರೆ. ಮಳೆಗೂ ಕಾಡುಮೃಗಗಳ ಹಾವಳಿಗೂ ಆ ಮುದುಕರು ಜಗ್ಗಿದವರಲ್ಲ. ಅವರನ್ನೂ ಶಂಕರಮ್ಮನವರನ್ನೂ ಒಳಗಿನಿಂದ ಕೊರೆಯುವುದು ಮನೆ ಬಿಟ್ಟುಹೋದ ಮಗ ಶಂಭುವಿನ ಚಿಂತೆ. ವಿದ್ಯಾರ್ಥಿದೆಸೆಯಲ್ಲಿ ಓದಿದಾಗ ನಾವು ನಿಸ್ಸಂಶಯವಾಗಿ ಗೋಪಾಲಯ್ಯನವರ ಪಕ್ಷ. ಐವತ್ತು ದಾಟಿದ ಮೇಲೆ ಮತ್ತೆ ಓದಿದೆವು. ಆ ಪುಸ್ತಕದಲ್ಲಿ ನಮಗಿರುವ ಸ್ಥಾನ ಶಂಭುವಿನದೆಂದು ತಿಳಿಯಿತು. ಈ ಸಭೆಯಲ್ಲಿ ಇನ್ನೂ ಕೆಲವರಿಗೆ ಹಾಗೆನ್ನಿಸಿದರೆ ನಮ್ಮ ಮೇಲೆ ಮುನಿಯಬಾರದು.

ವೈದ್ಯರೆಂಬ ಸಲುಗೆಯಿಂದ ಒಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗರು ಉಗ್ರ ಜ್ವರದಿಂದ ನರಳಿದರು. ಅದೇ ಮಂಗನ ಕಾಯಿಲೆ. ಉಣ್ಣೆಯ ಕಡಿತದಿಂದ ಮನುಷ್ಯನಿಗೆ ತಗಲುವ ಈ ವೈರಾಣುರೋಗಕ್ಕೂ ಕಾಡು ಕಡಿದು ಅದರಂಚಿನಲ್ಲಿ ದನ ಮೇಯಿಸುವುದಕ್ಕೂ ನಂಟಿದೆಯೆಂದು ಆಗಿನ ಸಂಶೋಧಕರೇ ಗುರುತಿಸಿದ್ದರು. ಜ್ವರ ಬರುವುದು ಸೌದೆಗೂ ಸೊಪ್ಪಿಗೂ ಕಾಡು ಹೊಕ್ಕವರಿಗೆ. ಅದೇ ಕಾಡಿನ ನಾಟಾ ಕೊಂಡು ಪೇಟೆಯಲ್ಲಿ ಬಾಗಿಲು ಮಾಡಿಸಿದವನಿಗಲ್ಲ.

ನಾ. ಡಿಸೋಜರ 'ದ್ವೀಪ' ಈ ವಿಷಯವನ್ನು ಇನ್ನೂ ಕಠೋರವಾಗಿ ಕಾಣಿಸುತ್ತದೆ. ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಡಿಸೋಜರು ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಕಾದಂಬರಿಯಲ್ಲಿ ನೀರು ದಿನದಿನಕ್ಕೆ ಏರಿ ಗಣಪಯ್ಯನ ಮನೆಯಿರುವ ಎತ್ತರ ದ್ವೀಪವಾಗುತ್ತದೆ. ಏರುವ ನೀರಿನೊಂದಿಗೆ ಗಂಡ ಹೆಂಡಿರ ನಡುವೆ ಸಂಶಯವೂ ಏರುತ್ತದೆ. ಮೇಲುನೋಟಕ್ಕೆ ಇದು ಮಳೆಯೊಡನೆ, ಹೊಳೆಯೊಡನೆ ಹೋರಾಟ. ಆದರೆ ಆ ಹೊಳೆ ತಾನಾಗಿ ಮನೆಬಾಗಿಲಿಗೆ ಬಂದದ್ದಲ್ಲ. ದೂರದ ಕಛೇರಿಯಲ್ಲಿ ಕುಳಿತವರು ಗೆರೆಯೆಳೆದು ಕಳುಹಿಸಿದ್ದು. ನಿಸರ್ಗವನ್ನೇ ಒಬ್ಬರು ಇನ್ನೊಬ್ಬರ ಮೇಲೆ ಛೂ ಬಿಡಬಹುದೆಂಬುದನ್ನು ಹೆಮಿಂಗ್ವೆಯ ಮುದುಕ ಕಂಡವನಲ್ಲ. ಗಿರೀಶ್ ಕಾಸರವಳ್ಳಿಯವರ 'ದ್ವೀಪ' ಚಲನಚಿತ್ರಕ್ಕೆ ಸ್ವರ್ಣಕಮಲ ಬಂದುದನ್ನು ಇಲ್ಲಿ ಅನೇಕರು ಬಲ್ಲಿರಿ. ಕಾದಂಬರಿಯನ್ನೂ ಓದಬೇಕೆಂದು ನಮ್ಮ ವಿನಂತಿ. ಆ ಸಂತ್ರಸ್ತರ ಭೂಮಿಹಕ್ಕಿನ ತಕರಾರು ಇನ್ನೂ ಪೂರ್ತಿ ಬಗೆಹರಿದಿಲ್ಲ.

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಾವು ರಾತ್ರಿಯೆಲ್ಲ ಅಂಗರಚನಾಶಾಸ್ತ್ರ ಬಾಯಿಪಾಠ ಮಾಡಿದ್ದು ಅಂಥ ಬೆಳಕಿನಲ್ಲೇ. ಕರೆಂಟು ಹೋದರೆ ಸರ್ಕಾರವನ್ನು ಬೈಯುತ್ತಿದ್ದೆವು. ಮುಂದೆ ಹೌಸ್ ಸರ್ಜನ್ ಆಗಿದ್ದಾಗ, ವಾರ್ಡಿನಲ್ಲಿದ್ದ ವೃದ್ಧರೊಬ್ಬರ ಹುಟ್ಟೂರನ್ನು ಕೇಸ್ ಷೀಟಿನಲ್ಲಿ ಬರೆಯಬೇಕಾಗಿತ್ತು. ಕೇಳಿದೆವು. "ಊರು ನೀರೊಳಗಿದೆ, ಡಾಕ್ಟ್ರೇ" ಎಂದರು. 'ದ್ವೀಪ'ವನ್ನು ನಾವಿನ್ನೂ ಓದಿರಲಿಲ್ಲ. ಜ್ವರದ ಬಡಬಡಿಕೆಯೆಂದು ನಕ್ಕು, ತಾಲ್ಲೂಕಿನ ಹೆಸರನ್ನಷ್ಟೇ ಬರೆದುಕೊಂಡು ಪಕ್ಕದ ಹಾಸಿಗೆಗೆ ಹೋದೆವು.