ಪಾದದಿಂದ ಬೆನ್ನಿಗೆ ಬರುವ ಸುದ್ದಿ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು ತಪ್ಪದೆ ಹೇಳುವ ಮಾತು, ಪಾದ ನೋಡಿಕೊಳ್ಳಿ ಎಂದು. ಸಕ್ಕರೆ ಹೆಚ್ಚುವುದು ಮೈಯೆಲ್ಲ ಹರಿಯುವ ರಕ್ತದಲ್ಲಿ. ಹಾಗಿದ್ದರೂ ಮೊದಲು ಪಾದವೇ ಏಕೆ ಮರಗಟ್ಟುತ್ತದೆ? ಉತ್ತರದ ಒಂದು ಭಾಗ ನರಕೋಶದ ಒಳಗೆ ನಡೆಯುವ ಸಾಗಾಟದಲ್ಲಿದೆ.

ಹೆಬ್ಬೆರಳಿಗೆ ಮುಳ್ಳು ಚುಚ್ಚಿದ್ದನ್ನು ತಿಳಿಸುವ ನರಕೋಶದ ಒಡಲು ಬೆರಳಿನಲ್ಲಿಲ್ಲ, ಮಿದುಳಿನಲ್ಲೂ ಇಲ್ಲ. ಅದು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿದೆ. ಅಲ್ಲಿಂದ ಬೆರಳ ತುದಿಯವರೆಗೆ ಸುಮಾರು ಒಂದು ಮೀಟರ್ ಉದ್ದದ ಎಳೆ. ನೋವಿನ ವಿದ್ಯುತ್ ಸಂಕೇತ ಒಂದೆರಡು ಸೆಕೆಂಡಿನಲ್ಲಿ ಅದನ್ನು ದಾಟುತ್ತದೆ. ಅದೇ ಎಳೆಯಲ್ಲಿ ಚರ್ಮದ ಕ್ಷೇಮ ಸಮಾಚಾರವೂ ಬರುತ್ತದೆ, ಆದರೆ ಬಹಳ ನಿಧಾನವಾಗಿ.

ಅದನ್ನು ತರುವುದು ಎನ್‌ಜಿಎಫ್, ಅಂದರೆ ನರ ಬೆಳವಣಿಗೆ ಅಂಶ ಎಂಬ ಪ್ರೋಟೀನ್. ಭ್ರೂಣದಲ್ಲಿ ನೋವು ತಿಳಿಸುವ ನರಕೋಶಗಳು ಬದುಕುಳಿಯಲು ಇದು ಬೇಕು. ಬೆಳೆದ ಮೇಲೆ ಅವು ಚುರುಕಾಗಿರಲು ಬೇಕು. ಇದನ್ನು ಕಂಡುಹಿಡಿದವರು ಇಟಲಿಯ ರೀಟಾ ಲೆವಿ-ಮೊಂತಾಲ್ಚಿನಿ. ಯುದ್ಧಕಾಲದಲ್ಲಿ, ಯಹೂದಿಯೆಂದು ಕೆಲಸದಿಂದ ಹೊರಗುಳಿದ ಆಕೆ ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆಯ ಭ್ರೂಣಗಳ ನರಗಳನ್ನು ಪರೀಕ್ಷಿಸಿದರು. 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಅವರೊಂದಿಗೆ ನೊಬೆಲ್ ಪಡೆದರು.

ಚರ್ಮದಲ್ಲಿ ತಯಾರಾದ ಎನ್‌ಜಿಎಫ್ ನರತುದಿಯ ಗ್ರಾಹಕಕ್ಕೆ ಅಂಟುತ್ತದೆ. ನರಕೋಶ ಎರಡನ್ನೂ ಪುಟ್ಟ ಗುಳ್ಳೆಯಾಗಿ ಒಳಗೆಳೆದುಕೊಳ್ಳುತ್ತದೆ. ಡೈನೀನ್ ಎಂಬ ಇನ್ನೊಂದು ಪ್ರೋಟೀನ್ ಆ ಗುಳ್ಳೆಯನ್ನು ಹೊತ್ತು, ಸೂಕ್ಷ್ಮನಾಳಗಳೆಂಬ ಹಳಿಯ ಮೇಲೆ ಹೆಜ್ಜೆಯಿಡುತ್ತ ಒಡಲಿಗೆ ತರುತ್ತದೆ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದಂತೆ. ಆದರೆ ವೇಗ ದಿನಕ್ಕೆ ಸುಮಾರು 10ರಿಂದ 30 ಸೆಂಟಿಮೀಟರ್ ಮಾತ್ರ. ಬೆರಳಿನ ಸುದ್ದಿ ಬೆನ್ನು ತಲುಪಲು ಮೂರು ದಿನದಿಂದ ಹತ್ತು ದಿನ ಬೇಕು.

ಇಂಥ ಸಾಗಾಟವನ್ನು ನಮ್ಮ ಊರಿನಲ್ಲೇ ನೋಡಿದ್ದಾರೆ. ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ಸಂಧ್ಯಾ ಕೌಶಿಕ ಅವರ ತಂಡ ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳುವಿನ ಸ್ಪರ್ಶನರಗಳಲ್ಲಿ, ಹುಳು ಜೀವಂತವಿರುವಾಗಲೇ, ಗುಳ್ಳೆಗಳು ಓಡಾಡುವುದನ್ನು ಚಿತ್ರೀಕರಿಸಿತು. ಅಲ್ಲಿಯ ಸರಕು ಬೇರೆ, ಹಳಿ ಇದೇ ಬಗೆಯದು.

ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ಎನ್‌ಜಿಎಫ್ ಸಾಗಾಟ ಕುಗ್ಗುವುದು ಕಂಡುಬಂದಿದೆ. ದಾರಿ ಉದ್ದವಾದಷ್ಟೂ ಅಪಾಯ ಹೆಚ್ಚು, ಪಾದದ ದಾರಿಯೇ ಎಲ್ಲಕ್ಕಿಂತ ಉದ್ದ. ಹಾಗಾದರೆ ಎನ್‌ಜಿಎಫ್ ಚುಚ್ಚಿದರಾಯಿತಲ್ಲ ಎನ್ನಬಹುದು. 1990ರ ದಶಕದಲ್ಲಿ 1,000ಕ್ಕೂ ಹೆಚ್ಚು ರೋಗಿಗಳಲ್ಲಿ ಅದನ್ನೂ ಪರೀಕ್ಷಿಸಿದರು. ನಿರೀಕ್ಷಿಸಿದ ಗುಣ ಕಾಣಲಿಲ್ಲ.

ಆದ್ದರಿಂದ ಇಂದಿಗೂ ಉಳಿದಿರುವ ದಾರಿ ಸಕ್ಕರೆಯ ಹತೋಟಿ, ಮತ್ತು ನರ ಹೇಳದಿದ್ದದ್ದನ್ನು ಕಣ್ಣಿನಿಂದ ನೋಡುವುದು. ಮಕ್ಕಳೇ, ಮನೆಯಲ್ಲಿ ಅಜ್ಜಿ ತಾತನಿಗೆ ಸಕ್ಕರೆ ಕಾಯಿಲೆ ಇದ್ದರೆ ಮಲಗುವ ಮುಂಚೆ ಅವರ ಅಂಗಾಲು, ಬೆರಳ ಸಂದು ನೋಡಿ. ಗಾಯ, ಬೊಬ್ಬೆ ಕಂಡರೆ ನೋವಿಲ್ಲವೆಂದು ಬಿಡಬೇಡಿ; ನೋವಿಲ್ಲದಿರುವುದೇ ವೈದ್ಯರ ಬಳಿ ಹೋಗಲು ಕಾರಣ.